ಪಾಲ್ ದ ವಿವಿ

ಪಾಲ್ ದ ವಿವಿ (29 ಏಪ್ರಿಲ್ 1853 – 27 ಫೆಬ್ರವರಿ 1930) ಫ್ರಾನ್ಸ್ ದೇಶದ ಸೈಕಲ್ ಪ್ರವಾಸಿ, ಪತ್ರಿಕಾ ಸಂಪಾದಕ, ಸೈಕಲ್ ತಯಾರಕ ಹಾಗೂ ಪ್ರಯೋಗಶೀಲ ಚಿಂತಕ. 'ವೆಲೊಸಿಯೊ' ಎಂಬುದು ಅವರ ಕಾವ್ಯನಾಮ. ಸೈಕಲ್ ಲೋಕದಲ್ಲಿ ಅವರು ಇಂದಿಗೂ ಈ ಹೆಸರಿನಿಂದಲೇ ಪರಿಚಿತರು. ಗೇರ್ ಬದಲಿಸಬಲ್ಲ ಸೈಕಲ್ಲಿನ ಪರವಾಗಿ ದಶಕಗಳ ಕಾಲ ವಾದಿಸಿದವರಲ್ಲಿ ಅವರು ಪ್ರಮುಖರು. ಚಿಕ್ಕ ಗಾಲಿಯ ಸೈಕಲ್ಲನ್ನು ಮಕ್ಕಳ ಆಟಿಕೆಯೆಂದು ತಳ್ಳಿಹಾಕದೆ, ಸ್ವತಃ ಸಾವಿರಾರು ಕಿಲೋಮೀಟರ್ ಓಡಿಸಿ ಪರೀಕ್ಷಿಸಿದ ಮೊದಲಿಗರಲ್ಲಿಯೂ ಒಬ್ಬರು. ಅವರು ಸ್ಥಾಪಿಸಿದ 'ಲ ಸಿಕ್ಲಿಸ್ತ್' ಪತ್ರಿಕೆ ಫ್ರೆಂಚ್ ಸೈಕಲ್ ಹವ್ಯಾಸಿಗಳ ವೇದಿಕೆಯಾಗಿತ್ತು. ಸೈಕಲ್ ಪ್ರವಾಸವನ್ನು ಸೂಚಿಸುವ 'ಸಿಕ್ಲೊತೂರಿಸ್ಮ್' ಎಂಬ ಫ್ರೆಂಚ್ ಪದವನ್ನು ಬಳಕೆಗೆ ತಂದ ಶ್ರೇಯಸ್ಸೂ ಅವರಿಗೆ ಸಲ್ಲುತ್ತದೆ.

ಆರಂಭಿಕ ಜೀವನ

ಪಾಲ್ ದ ವಿವಿ ಅವರು ದಕ್ಷಿಣ ಫ್ರಾನ್ಸಿನ ವೋಕ್ಲೂಜ್ ಪ್ರಾಂತ್ಯದ ಪೆರ್ನ್ ಎಂಬ ಊರಿನಲ್ಲಿ ಜನಿಸಿದರು. ಈ ಊರನ್ನು ಈಗ ಪೆರ್ನ್-ಲೆ-ಫೋಂಟೇನ್ ಎಂದು ಕರೆಯಲಾಗುತ್ತದೆ. ಅವರು ರೇಷ್ಮೆ ವ್ಯಾಪಾರವನ್ನು ಕಲಿತು, ಅದನ್ನೇ ವೃತ್ತಿಯಾಗಿ ಕೈಗೊಂಡು, ಸೇಂಟ್ ಎಟಿಯೆನ್ ನಗರದಲ್ಲಿ ನೆಲೆಸಿದರು. ಕಲ್ಲಿದ್ದಲು ಗಣಿ, ಬಂದೂಕು ತಯಾರಿಕೆ ಮತ್ತು ರೇಷ್ಮೆಯ ರಿಬ್ಬನ್ ನೇಯ್ಗೆಗೆ ಆ ನಗರವು ಹೆಸರಾಗಿತ್ತು. ಬಂದೂಕಿನ ನಳಿಗೆ, ಸ್ಕ್ರೂ, ಸ್ಪ್ರಿಂಗ್ ಮೊದಲಾದವುಗಳನ್ನು ನಿಖರವಾಗಿ ತಯಾರಿಸಬಲ್ಲ ಕುಶಲಕರ್ಮಿಗಳು ಅಲ್ಲಿ ಬಹುಸಂಖ್ಯೆಯಲ್ಲಿದ್ದರು. ಮುಂದೆ ಇದೇ ಕೈಚಳಕವು ಆ ನಗರವನ್ನು ಫ್ರಾನ್ಸಿನ ಸೈಕಲ್ ಉದ್ಯಮದ ಕೇಂದ್ರವನ್ನಾಗಿ ಮಾಡಿತು.

1881ರಲ್ಲಿ, ತಮ್ಮ 28ನೆಯ ವಯಸ್ಸಿನಲ್ಲಿ, ಅವರು ಮೊದಲ ಸೈಕಲ್ಲನ್ನು ಕೊಂಡರು. ಅದು ಆ ಕಾಲದ ಎತ್ತರದ ಗಾಲಿಯ ಸೈಕಲ್. ಅದನ್ನು ಏರಿ ಸುತ್ತಲಿನ ಬೆಟ್ಟಪ್ರದೇಶವನ್ನು ಕಂಡ ಮೇಲೆ ಅವರ ಆಸಕ್ತಿಯ ದಿಕ್ಕೇ ಬದಲಾಯಿತು. ವ್ಯಾಪಾರದ ನಿಮಿತ್ತ ಅವರು ಇಂಗ್ಲೆಂಡಿನ ಕೊವೆಂಟ್ರಿ ನಗರಕ್ಕೆ ಹೋಗಿಬರುತ್ತಿದ್ದರು. ಕೊವೆಂಟ್ರಿ ಕೂಡ ಒಂದು ಕಾಲಕ್ಕೆ ರೇಷ್ಮೆ ರಿಬ್ಬನ್ನಿನ ಊರು. ಆ ಕಸುಬು ಕುಸಿದ ಮೇಲೆ ಅಲ್ಲಿಯ ಕೆಲಸಗಾರರು ಹೊಲಿಗೆ ಯಂತ್ರ ಮತ್ತು ಸೈಕಲ್ ತಯಾರಿಕೆಯತ್ತ ಹೊರಳಿದ್ದರು. ರಿಬ್ಬನ್ ವ್ಯಾಪಾರಕ್ಕಾಗಿ ಹೋದ ದ ವಿವಿ ಅವರು ಅಲ್ಲಿ ಪ್ರಪಂಚದ ಅತ್ಯುತ್ತಮ ಸೈಕಲ್ಲುಗಳನ್ನು ಹತ್ತಿರದಿಂದ ನೋಡುವಂತಾಯಿತು.

ಅಂದಿನ ಸೈಕಲ್ಲುಗಳ ಸ್ಥಿತಿ

ದ ವಿವಿ ಅವರ ಕೆಲಸದ ಮಹತ್ವವನ್ನು ಅರಿಯಲು ಅಂದಿನ ಸೈಕಲ್ಲಿನ ರಚನೆಯನ್ನು ತಿಳಿಯುವುದು ಅಗತ್ಯ. 1870ರ ದಶಕದ ಸೈಕಲ್ಲುಗಳಲ್ಲಿ ಪೆಡಲ್‌ಗಳನ್ನು ನೇರವಾಗಿ ಮುಂದಿನ ಗಾಲಿಯ ಅಚ್ಚಿಗೆ ಜೋಡಿಸಲಾಗುತ್ತಿತ್ತು. ಚೈನ್ ಇರಲಿಲ್ಲ. ಪೆಡಲ್ ಒಂದು ಸುತ್ತು ತಿರುಗಿದರೆ ಗಾಲಿಯೂ ಒಂದೇ ಸುತ್ತು ತಿರುಗುತ್ತಿತ್ತು. ಆದ್ದರಿಂದ ವೇಗ ಬೇಕಾದರೆ ಗಾಲಿಯನ್ನು ದೊಡ್ಡದು ಮಾಡುವುದೊಂದೇ ದಾರಿಯಾಗಿತ್ತು. 54 ಇಂಚು, ಅಂದರೆ ಸುಮಾರು 137 ಸೆಂ.ಮೀ. ವ್ಯಾಸದ ಗಾಲಿ ಒಂದು ಸುತ್ತಿಗೆ ಸುಮಾರು 4.3 ಮೀಟರ್ ದೂರ ಸಾಗುತ್ತದೆ. ಸವಾರನ ಕಾಲಿನ ಉದ್ದಕ್ಕೆ ತಕ್ಕಂತೆ ಗಾಲಿಯ ಅಳತೆಯನ್ನು ಆರಿಸಬೇಕಾಗಿತ್ತು. ಆಸನವು ಬಹಳ ಎತ್ತರದಲ್ಲಿದ್ದುದರಿಂದ, ಗಾಲಿಗೆ ಕಲ್ಲು ತಗಲಿದರೆ ಸವಾರನು ತಲೆಕೆಳಗಾಗಿ ಬೀಳುವ ಅಪಾಯವಿತ್ತು.

1885ರಲ್ಲಿ ಕೊವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ಅವರು 'ರೋವರ್' ಎಂಬ ಸುರಕ್ಷಿತ ಸೈಕಲ್ಲನ್ನು ಮಾರುಕಟ್ಟೆಗೆ ತಂದರು. ಇದರಲ್ಲಿ ಪೆಡಲ್‌ನ ಶಕ್ತಿ ಚೈನ್ ಮೂಲಕ ಹಿಂದಿನ ಗಾಲಿಗೆ ಹೋಗುತ್ತಿತ್ತು. ಮುಂದಿನ ಹಲ್ಲುಚಕ್ರ ದೊಡ್ಡದಾಗಿ, ಹಿಂದಿನದು ಚಿಕ್ಕದಾಗಿದ್ದರೆ ಪೆಡಲ್‌ನ ಒಂದು ಸುತ್ತಿಗೆ ಗಾಲಿಯನ್ನು ಎರಡು ಅಥವಾ ಮೂರು ಸುತ್ತು ತಿರುಗಿಸಬಹುದು. ಹೀಗಾಗಿ ವೇಗಕ್ಕೂ ಗಾಲಿಯ ಅಳತೆಗೂ ಇದ್ದ ನಂಟು ಕಡಿದುಹೋಯಿತು. ಗಾಲಿ ಚಿಕ್ಕದಾಯಿತು, ಸವಾರನ ಕಾಲು ನೆಲಕ್ಕೆ ಎಟುಕುವಂತಾಯಿತು. 1888ರಲ್ಲಿ ಜಾನ್ ಬಾಯ್ಡ್ ಡನ್ಲಪ್ ಅವರ ಗಾಳಿ ತುಂಬಿದ ಟೈರ್ ಬಂದ ಮೇಲೆ, ಚಿಕ್ಕ ಗಾಲಿಗಳಿಂದ ಉಂಟಾಗುತ್ತಿದ್ದ ಕುಲುಕಾಟವೂ ಕಡಿಮೆಯಾಯಿತು. ಎತ್ತರದ ಗಾಲಿಯ ಸೈಕಲ್ ಕೆಲವೇ ವರ್ಷಗಳಲ್ಲಿ ಮರೆಯಾಯಿತು.

ಗಾಲಿಯ ಅಳತೆ ಸವಾರನ ಅನುಕೂಲಕ್ಕೆ ತಕ್ಕಂತೆ ಇರಬಹುದು ಎಂಬ ಈ ತತ್ತ್ವವನ್ನು ತಯಾರಕರು ಸುಮಾರು 70 ಸೆಂ.ಮೀ.ಗೆ ಬಂದು ನಿಲ್ಲಿಸಿದರು. ಅದೇ ಸರಿಯಾದ ಅಳತೆಯೆಂಬ ರೂಢಿ ಬೆಳೆಯಿತು. ಈ ರೂಢಿಯನ್ನು ಪ್ರಶ್ನಿಸಿದವರಲ್ಲಿ ದ ವಿವಿ ಒಬ್ಬರು.

ವ್ಯಾಪಾರದಿಂದ ಪತ್ರಿಕೆಗೆ

1887ರಲ್ಲಿ ದ ವಿವಿ ಅವರು ರೇಷ್ಮೆ ವ್ಯಾಪಾರವನ್ನು ಬಿಟ್ಟು ಸೇಂಟ್ ಎಟಿಯೆನ್‌ನಲ್ಲಿ ಸೈಕಲ್ ಅಂಗಡಿಯೊಂದನ್ನು ತೆರೆದರು. ಆರಂಭದಲ್ಲಿ ಇಂಗ್ಲೆಂಡಿನ ಸೈಕಲ್ಲುಗಳನ್ನು ತರಿಸಿ ಮಾರುತ್ತಿದ್ದರು. ಅದೇ ವರ್ಷ 'ಲ ಸಿಕ್ಲಿಸ್ತ್ ಫೊರೆಜಿಯನ್' ಎಂಬ ಪತ್ರಿಕೆಯನ್ನು ಪ್ರಾರಂಭಿಸಿದರು. ಫೊರೆ ಎಂಬುದು ಆ ಸೀಮೆಯ ಹೆಸರು. ಓದುಗರ ವಲಯ ವಿಸ್ತರಿಸಿದಂತೆ ಪತ್ರಿಕೆಯ ಹೆಸರು 'ಲ ಸಿಕ್ಲಿಸ್ತ್' ಎಂದಾಯಿತು. 1889ರಲ್ಲಿ ಅವರು 'ಗೊಲ್ವಾಜ್' ಎಂಬ ಹೆಸರಿನಲ್ಲಿ ತಮ್ಮದೇ ಸೈಕಲ್ಲನ್ನು ಹೊರತಂದರು.

ವ್ಯಾಪಾರಿಯಾಗಿ ಅವರು ದೊಡ್ಡ ಸಂಪತ್ತನ್ನು ಗಳಿಸಲಿಲ್ಲ. ತಯಾರಿಕೆಗಿಂತ ಪರೀಕ್ಷೆಯೇ ಅವರಿಗೆ ಮುಖ್ಯವಾಗಿತ್ತು. ಹೊಸ ಭಾಗವೊಂದು ಕೈಗೆ ಬಂದರೆ ಅದನ್ನು ತಮ್ಮ ಸೈಕಲ್ಲಿಗೆ ಜೋಡಿಸಿ, ಬೆಟ್ಟದ ದಾರಿಯಲ್ಲಿ ಓಡಿಸಿ, ಗುಣದೋಷಗಳೆರಡನ್ನೂ ಪತ್ರಿಕೆಯಲ್ಲಿ ಬರೆಯುತ್ತಿದ್ದರು. ಓದುಗರ ಅನುಭವಗಳಿಗೂ ಪತ್ರಿಕೆಯಲ್ಲಿ ಸ್ಥಳವಿತ್ತು. ಸ್ಪರ್ಧೆಗಳ ಸುದ್ದಿಯೇ ಸೈಕಲ್ ಪತ್ರಿಕೆಗಳ ಜೀವಾಳವಾಗಿದ್ದ ಕಾಲದಲ್ಲಿ, ಸಾಮಾನ್ಯ ಸವಾರನು ದೂರ ಹೋಗಿ ದಣಿಯದೆ ಮರಳುವುದು ಹೇಗೆ ಎಂಬ ಪ್ರಶ್ನೆಯನ್ನು ಈ ಪತ್ರಿಕೆ ಕೇಂದ್ರವಾಗಿಸಿಕೊಂಡಿತು.

ಗೇರ್‌ಗಳಿಗಾಗಿ ಹೋರಾಟ

ಸೇಂಟ್ ಎಟಿಯೆನ್ ಸುತ್ತಲೂ ಬೆಟ್ಟಗಳಿವೆ. ನಗರದ ದಕ್ಷಿಣಕ್ಕೆ 1,161 ಮೀಟರ್ ಎತ್ತರದ ರಿಪಬ್ಲಿಕ್ ಕಣಿವೆದಾರಿ ಇದೆ. ಗ್ರಾಂ ಬ್ವಾ ಎಂಬುದು ಅದರ ಇನ್ನೊಂದು ಹೆಸರು. ದ ವಿವಿ ಅವರ ಪ್ರಯೋಗಗಳಿಗೆ ಈ ಏರುದಾರಿಯೇ ಪ್ರಯೋಗಶಾಲೆಯಾಗಿತ್ತು. ಒಂದೇ ಗೇರಿನ ಸೈಕಲ್ಲಿನಲ್ಲಿ ಸವಾರನಿಗೆ ಇದ್ದ ಆಯ್ಕೆಗಳು ಎರಡೇ: ಸಮತಟ್ಟಿನಲ್ಲಿ ವೇಗವಾಗಿ ಹೋಗುವಂತೆ ಗೇರ್ ಇಟ್ಟರೆ ಏರಿನಲ್ಲಿ ಇಳಿದು ತಳ್ಳಬೇಕು, ಏರಿಗೆ ತಕ್ಕಂತೆ ಇಟ್ಟರೆ ಸಮತಟ್ಟಿನಲ್ಲಿ ಕಾಲುಗಳು ವ್ಯರ್ಥವಾಗಿ ತಿರುಗುತ್ತವೆ. ಶಹಾಪುರ, ಸುರಪುರದಂತಹ ಗುಡ್ಡದ ಊರುಗಳಲ್ಲಿ ಒಂದೇ ಗೇರಿನ ಭಾರವಾದ ಸೈಕಲ್ ತುಳಿದವರಿಗೆ ಈ ಕಷ್ಟ ಹೊಸದಲ್ಲ.

ದ ವಿವಿ ಅವರು ಮೊದಲು ಅತಿ ಸರಳ ಪರಿಹಾರವನ್ನು ಬಳಸಿದರು. ಪೆಡಲ್‌ನ ಬಳಿ ಬೇರೆ ಬೇರೆ ಅಳತೆಯ ಎರಡು ಹಲ್ಲುಚಕ್ರಗಳನ್ನು ಅಕ್ಕಪಕ್ಕದಲ್ಲಿ ಜೋಡಿಸಿ, ಏರು ಬಂದಾಗ ಸೈಕಲ್ಲಿನಿಂದ ಇಳಿದು ಕೈಯಿಂದಲೇ ಚೈನನ್ನು ಒಂದರಿಂದ ಇನ್ನೊಂದಕ್ಕೆ ಸರಿಸುತ್ತಿದ್ದರು. ಅನಂತರ ಸೈಕಲ್ಲಿನ ಎಡಬದಿಗೂ ಹಲ್ಲುಚಕ್ರಗಳನ್ನು ಜೋಡಿಸಿ ಗೇರ್‌ಗಳ ಸಂಖ್ಯೆಯನ್ನು ಹೆಚ್ಚಿಸಿದರು. ಇಂಗ್ಲೆಂಡಿನ 'ವಿಪ್ಪೆಟ್' ಸೈಕಲ್ಲಿನ ಗೇರ್ ವ್ಯವಸ್ಥೆಯನ್ನೂ ಅವರು ಪರೀಕ್ಷಿಸಿದರು. ಅದರಲ್ಲಿ ಮುಂದಿನ ಹಲ್ಲುಚಕ್ರವೇ ಎರಡು ಹೋಳುಗಳಾಗಿದ್ದು, ಅವು ದೂರ ಸರಿದಾಗ ಚಕ್ರದ ಅಳತೆ ಹಿಗ್ಗುತ್ತಿತ್ತು. ಸವಾರಿ ನಿಲ್ಲಿಸದೆ ಗೇರ್ ಬದಲಿಸುವುದು ಸಾಧ್ಯವೆಂದು ಅದು ತೋರಿಸಿಕೊಟ್ಟಿತು. ಮುಂದೆ ಸೇಂಟ್ ಎಟಿಯೆನ್‌ನವರೇ ಆದ ಜೋನಿ ಪನೆಲ್ ಅವರು 'ಲ ಶೆಮಿನೋ' ಎಂಬ ಡಿರೇಲರ್ ತಯಾರಿಸಿದರು. ಚೈನನ್ನು ಒಂದು ಹಲ್ಲುಚಕ್ರದಿಂದ ಪಕ್ಕದ ಹಲ್ಲುಚಕ್ರಕ್ಕೆ ತಳ್ಳುವ ಸಾಧನವೇ ಡಿರೇಲರ್. ದ ವಿವಿ ಅವರು ಇಂತಹ ಸಾಧನಗಳ ಬಗ್ಗೆ ಪತ್ರಿಕೆಯಲ್ಲಿ ನಿರಂತರವಾಗಿ ಬರೆದರು.

1902ರ ಸ್ಪರ್ಧೆ ಮತ್ತು ವಿವಾದ

ಟೂರಿಂಗ್ ಕ್ಲಬ್ ದ ಫ್ರಾನ್ಸ್ 1890ರಲ್ಲಿ ಸ್ಥಾಪನೆಯಾದ ಪ್ರವಾಸಿಗರ ಸಂಘ. 1902ರಲ್ಲಿ ಈ ಸಂಘವು ಪ್ರವಾಸಿ ಸೈಕಲ್ಲುಗಳ ಪರೀಕ್ಷೆಗಾಗಿ ಪೈರನೀಸ್ ಪರ್ವತದಲ್ಲಿ ಸ್ಪರ್ಧೆಯೊಂದನ್ನು ಏರ್ಪಡಿಸಿತು. 2,115 ಮೀಟರ್ ಎತ್ತರದ ತೂರ್ಮಲೆ ಕಣಿವೆದಾರಿಯನ್ನು ಏರುವುದು ಅದರ ಮುಖ್ಯ ಸವಾಲಾಗಿತ್ತು. ಮಾರ್ತ್ ಎಸ್ ಎಂಬ ಮಹಿಳೆ ಗೇರ್ ಬದಲಿಸಬಹುದಾದ ಗೊಲ್ವಾಜ್ ಸೈಕಲ್ಲನ್ನು ಓಡಿಸಿ ಎಲ್ಲರ ಗಮನ ಸೆಳೆದರು. ಬಲಿಷ್ಠ ಪುರುಷರ ಕಾಲಿನ ಶಕ್ತಿಗೆ ಮಾತ್ರ ಪರ್ವತ ಒಲಿಯುತ್ತದೆ ಎಂಬ ನಂಬಿಕೆಗೆ ಇದು ದೊಡ್ಡ ಪೆಟ್ಟಾಗಿತ್ತು.

ಕ್ರೀಡಾ ಪತ್ರಿಕೆ 'ಲೊಟೊ'ದ ಸಂಪಾದಕ ಆನ್ರಿ ದೆಗ್ರಾಂಜ್ ಅವರು ಇದನ್ನು ಒಪ್ಪಲಿಲ್ಲ. ಬದಲಾಗುವ ಗೇರ್‌ಗಳು 45 ವರ್ಷ ದಾಟಿದವರಿಗೆ ಮಾತ್ರ ತಕ್ಕವು, ಯಂತ್ರದ ಉಪಾಯಕ್ಕಿಂತ ಸ್ನಾಯುಬಲದ ಗೆಲುವೇ ಮೇಲು ಎಂಬುದು ಅವರ ವಾದವಾಗಿತ್ತು. ಮರುವರ್ಷ, 1903ರಲ್ಲಿ, ದೆಗ್ರಾಂಜ್ ಅವರ ನೇತೃತ್ವದಲ್ಲಿ ಟೂರ್ ದ ಫ್ರಾನ್ಸ್ ಸ್ಪರ್ಧೆ ಆರಂಭವಾಯಿತು. ಆ ಸ್ಪರ್ಧೆಯ ಮೊದಲ ವರ್ಷದ ಮಾರ್ಗವು ದ ವಿವಿ ಅವರು ಗೇರ್‌ಗಳನ್ನು ಪರೀಕ್ಷಿಸುತ್ತಿದ್ದ ರಿಪಬ್ಲಿಕ್ ಕಣಿವೆದಾರಿಯ ಮೂಲಕವೇ ಹಾದುಹೋಯಿತು.

ಈ ಭಿನ್ನಾಭಿಪ್ರಾಯ ಕೇವಲ ಯಂತ್ರಭಾಗದ ಕುರಿತಾದುದಾಗಿರಲಿಲ್ಲ. ಸೈಕಲ್ ಯಾರಿಗಾಗಿ ಎಂಬ ಪ್ರಶ್ನೆ ಅದರ ಹಿಂದೆ ಇತ್ತು. ದೆಗ್ರಾಂಜ್ ಅವರಿಗೆ ಸೈಕಲ್ ಮನುಷ್ಯನ ತಾಳ್ಮೆ ಮತ್ತು ಬಲವನ್ನು ಒರೆಗೆ ಹಚ್ಚುವ ಸಾಧನ. ದ ವಿವಿ ಅವರಿಗೆ ಅದು ವಯಸ್ಸಾದವರು, ಮಹಿಳೆಯರು, ಸಾಧಾರಣ ಶಕ್ತಿಯವರು ಕೂಡ ತಮ್ಮ ನಾಡನ್ನು ಸುತ್ತಿ ನೋಡಲು ಒದಗುವ ವಾಹನ. ಟೂರ್ ದ ಫ್ರಾನ್ಸ್ ಸ್ಪರ್ಧೆಯಲ್ಲಿ ಡಿರೇಲರ್ ಬಳಕೆಗೆ ಎಲ್ಲ ಸ್ಪರ್ಧಿಗಳಿಗೂ ಅನುಮತಿ ದೊರೆತದ್ದು 1937ರಲ್ಲಿ. ಆ ಹೊತ್ತಿಗೆ ದ ವಿವಿ ಅವರು ತೀರಿಕೊಂಡು ಏಳು ವರ್ಷಗಳಾಗಿದ್ದವು.

ಚಿಕ್ಕ ಗಾಲಿಯ ಪ್ರಯೋಗ

ಗೇರ್‌ಗಳಷ್ಟು ಪ್ರಸಿದ್ಧವಲ್ಲದಿದ್ದರೂ, ಚಿಕ್ಕ ಗಾಲಿಗಳ ಕುರಿತಾದ ದ ವಿವಿ ಅವರ ಪ್ರಯೋಗ ಸೈಕಲ್ ಇತಿಹಾಸದಲ್ಲಿ ಮಹತ್ವದ್ದಾಗಿದೆ. ದೊಡ್ಡ ಗಾಲಿ ಸಲೀಸಾಗಿ ಉರುಳುತ್ತದೆ, ಚಿಕ್ಕ ಗಾಲಿ ಸವಾರನ ಶಕ್ತಿಯನ್ನು ಹೀರುತ್ತದೆ ಎಂಬುದು ಅಂದಿನ ಸಾಮಾನ್ಯ ನಂಬಿಕೆ. ಮೊದಲ ಮಹಾಯುದ್ಧಕ್ಕೆ ಮುಂಚೆ ಅವರು 50 ಸೆಂ.ಮೀ. ವ್ಯಾಸದ, ಅಂದರೆ ಸುಮಾರು 20 ಇಂಚಿನ ಗಾಲಿಗಳಿಗೆ 50 ಮಿ.ಮೀ. ಅಗಲದ ದಪ್ಪ ಟೈರ್‌ಗಳನ್ನು ಹಾಕಿಸಿ ಸುಮಾರು 15,000 ಕಿಲೋಮೀಟರ್ ಸವಾರಿ ಮಾಡಿದರು. 70 ಸೆಂ.ಮೀ. ಗಾಲಿಗಳಿಗಿಂತ ಇವು ಓಟದಲ್ಲಿ ಕಡಿಮೆಯೇನಲ್ಲ ಎಂಬ ತೀರ್ಮಾನಕ್ಕೆ ಬಂದು, ಅದನ್ನು ತಮ್ಮ ಬರಹದಲ್ಲಿ ದಾಖಲಿಸಿದರು. 50 ಸೆಂ.ಮೀ.ಗಿಂತ ಚಿಕ್ಕ ಗಾಲಿಗಳನ್ನು ತಾವು ಪರೀಕ್ಷಿಸಿಲ್ಲವೆಂದೂ ಅವರು ಸ್ಪಷ್ಟಪಡಿಸಿದ್ದರು.

ಗಾಲಿ ಚಿಕ್ಕದಾದರೆ ವೇಗ ತಗ್ಗುತ್ತದೆ ಎಂಬ ಸಂಶಯ ಇಂದಿಗೂ ಹಲವರಲ್ಲಿದೆ. ಲೆಕ್ಕ ಹಾಕಿದರೆ ಇದು ಸರಿಯಲ್ಲವೆಂದು ತಿಳಿಯುತ್ತದೆ. 70 ಸೆಂ.ಮೀ. ಗಾಲಿಯ ಸುತ್ತಳತೆ ಸುಮಾರು 2.2 ಮೀಟರ್. ಮುಂದಿನ ಹಲ್ಲುಚಕ್ರದಲ್ಲಿ 48, ಹಿಂದಿನದರಲ್ಲಿ 17 ಹಲ್ಲುಗಳಿದ್ದರೆ ಪೆಡಲ್‌ನ ಒಂದು ಸುತ್ತಿಗೆ ಸೈಕಲ್ ಸುಮಾರು 6.2 ಮೀಟರ್ ಸಾಗುತ್ತದೆ. 50 ಸೆಂ.ಮೀ. ಗಾಲಿಯ ಸುತ್ತಳತೆ ಸುಮಾರು 1.57 ಮೀಟರ್. ಹಿಂದಿನ ಹಲ್ಲುಚಕ್ರವನ್ನು 12 ಹಲ್ಲಿನದಾಗಿ ಬದಲಿಸಿದರೆ ಅದೂ ಸುಮಾರು 6.3 ಮೀಟರ್ ಸಾಗುತ್ತದೆ. ಅಂದರೆ ಗಾಲಿಯ ಅಳತೆಯಲ್ಲಿ ಕಳೆದುಕೊಂಡದ್ದನ್ನು ಹಲ್ಲುಗಳ ಲೆಕ್ಕದಲ್ಲಿ ಮರಳಿ ಪಡೆಯಬಹುದು.

ಚಿಕ್ಕ ಗಾಲಿಗೆ ಹಲವು ಅನುಕೂಲಗಳಿವೆ. ಕಡ್ಡಿಗಳು ಗಿಡ್ಡವಾಗಿರುವುದರಿಂದ ಗಾಲಿ ಹೆಚ್ಚು ಗಟ್ಟಿಯಾಗಿರುತ್ತದೆ ಮತ್ತು ಹಗುರವಾಗಿರುತ್ತದೆ. ಗಾಲಿಯ ಮೇಲೆ ಸಾಮಾನು ಇಡಲು ಜಾಗ ಸಿಗುತ್ತದೆ, ಭಾರವು ನೆಲಕ್ಕೆ ಹತ್ತಿರವಿರುತ್ತದೆ. ಎತ್ತರ, ಗಿಡ್ಡ ಸವಾರರಿಬ್ಬರೂ ಒಂದೇ ಅಳತೆಯ ಸೈಕಲ್ಲನ್ನು ಹೊಂದಿಸಿಕೊಳ್ಳಬಹುದು. ಇದರ ಮುಖ್ಯ ದೋಷವೆಂದರೆ, ಗಾಲಿ ರಸ್ತೆಯ ಗುಂಡಿಯೊಳಗೆ ಹೆಚ್ಚು ಆಳಕ್ಕೆ ಇಳಿಯುತ್ತದೆ ಮತ್ತು ಕುಲುಕಾಟ ಸವಾರನಿಗೆ ಹೆಚ್ಚು ತಟ್ಟುತ್ತದೆ. ಅಷ್ಟೇ ದೂರಕ್ಕೆ ಹೆಚ್ಚು ಸುತ್ತು ತಿರುಗುವುದರಿಂದ ಟೈರ್ ಬೇಗ ಸವೆಯುತ್ತದೆ. ಕುಲುಕಾಟಕ್ಕೆ ದ ವಿವಿ ಅವರು ಕಂಡುಕೊಂಡ ಉತ್ತರ ದಪ್ಪ ಟೈರ್. ಅಗಲವಾದ, ಮೃದುವಾದ ಟೈರ್ ತಾನೇ ಸ್ಪ್ರಿಂಗಿನಂತೆ ಕೆಲಸ ಮಾಡಿ ರಸ್ತೆಯ ಏರುಪೇರನ್ನು ನುಂಗಿಕೊಳ್ಳುತ್ತದೆ. ತೆಳುವಾದ, ಬಿಗಿಯಾದ ಟೈರ್‌ಗಳೇ ವೇಗದ ಗುಟ್ಟು ಎಂದು ಸ್ಪರ್ಧಿಗಳು ನಂಬಿದ್ದ ಕಾಲದಲ್ಲಿ ಈ ನಿಲುವು ವಿರಳವಾಗಿತ್ತು.

ಈ ಪ್ರಯೋಗ ಅವರ ಜೀವಿತಕಾಲದಲ್ಲಿ ಉದ್ಯಮದ ಮೇಲೆ ಪ್ರಭಾವ ಬೀರಲಿಲ್ಲ. ತಯಾರಕರ ಅಚ್ಚುಗಳು, ಟೈರ್ ಕಂಪನಿಗಳ ಅಳತೆಗಳು, ಗ್ರಾಹಕರ ರೂಢಿ ಎಲ್ಲವೂ ದೊಡ್ಡ ಗಾಲಿಗೆ ಹೊಂದಿಕೊಂಡಿದ್ದವು. ಆದರೂ ದಪ್ಪ ಟೈರಿನ ಕುರಿತಾದ ಅವರ ವಾದ ಫ್ರೆಂಚ್ ಪ್ರವಾಸಿ ಸೈಕಲ್ಲುಗಳಲ್ಲಿ ಉಳಿದುಕೊಂಡಿತು. ಅಲ್ಲಿ ಬಹುಕಾಲ ಬಳಕೆಯಲ್ಲಿದ್ದ 650ಬಿ ಅಳತೆಯ ಅಗಲ ಟೈರ್‌ಗಳು ಇದೇ ಪರಂಪರೆಗೆ ಸೇರಿವೆ.

ಜೀವನಶೈಲಿ ಮತ್ತು ಸವಾರಿಯ ನಿಯಮಗಳು

ದ ವಿವಿ ಅವರು ಸಸ್ಯಾಹಾರಿಯಾಗಿದ್ದರು. ಅಂತರರಾಷ್ಟ್ರೀಯ ಭಾಷೆಯಾದ ಎಸ್ಪೆರಾಂಟೊದ ಬೆಂಬಲಿಗರೂ ಆಗಿದ್ದರು. ಪ್ರಾಚೀನ ಗ್ರಂಥಗಳನ್ನು ಓದುವ ಹವ್ಯಾಸ ಅವರಿಗಿತ್ತು. ರಾತ್ರಿಯಿಡೀ ಸವಾರಿ ಮಾಡಿ ಮರುದಿನವೂ ಮುಂದುವರಿಯುವ ದೀರ್ಘ ಪ್ರಯಾಣಗಳನ್ನು ಅವರು ಇಳಿವಯಸ್ಸಿನಲ್ಲಿಯೂ ಕೈಗೊಂಡರು. ಇವು ದಾಖಲೆಗಾಗಿ ಮಾಡಿದ ಸವಾರಿಗಳಾಗಿರಲಿಲ್ಲ. ಆಹಾರ, ನಿದ್ರೆ, ಗೇರ್ ಮತ್ತು ಟೈರ್‌ಗಳು ದೇಹದ ಮೇಲೆ ಬೀರುವ ಪರಿಣಾಮವನ್ನು ಅರಿಯುವುದು ಅವುಗಳ ಉದ್ದೇಶವಾಗಿತ್ತು.

ಪ್ರವಾಸಿಗಳಿಗಾಗಿ ಅವರು ರೂಪಿಸಿದ ಏಳು ನಿಯಮಗಳು ಪ್ರಸಿದ್ಧವಾಗಿವೆ. ಅವುಗಳ ಸಾರಾಂಶ ಹೀಗಿದೆ:

1. ವಿಶ್ರಾಂತಿಗಾಗಿ ನಿಲ್ಲುವುದು ಅಪರೂಪವಾಗಿರಬೇಕು, ಅಲ್ಪಕಾಲದ್ದಾಗಿರಬೇಕು.
2. ಹಸಿವಾಗುವ ಮುಂಚೆ ಸ್ವಲ್ಪಸ್ವಲ್ಪವಾಗಿ ತಿನ್ನಬೇಕು, ಬಾಯಾರಿಕೆಯಾಗುವ ಮುಂಚೆ ಕುಡಿಯಬೇಕು.
3. ಊಟ, ನಿದ್ರೆ ಬೇಡವೆನಿಸುವಷ್ಟು ದಣಿಯಬಾರದು.
4. ಚಳಿಯಾಗುವ ಮುಂಚೆ ಹೊದೆಯಬೇಕು, ಸೆಕೆಯಾಗುವ ಮುಂಚೆ ಮೇಲುಡುಪನ್ನು ತೆಗೆಯಬೇಕು.
5. ಪ್ರವಾಸದ ಅವಧಿಯಲ್ಲಾದರೂ ಮದ್ಯ, ಮಾಂಸ ಮತ್ತು ತಂಬಾಕನ್ನು ಬಿಡಬೇಕು.
6. ಶಕ್ತಿ ಮೀರಿ ತುಳಿಯಬಾರದು. ಮೊದಲ ಕೆಲವು ಗಂಟೆಗಳಲ್ಲಿ ಇದನ್ನು ವಿಶೇಷವಾಗಿ ಪಾಲಿಸಬೇಕು.
7. ಇತರರ ಮುಂದೆ ಹೆಮ್ಮೆ ಪ್ರದರ್ಶಿಸಲು ಎಂದೂ ಸವಾರಿ ಮಾಡಬಾರದು.

ಈ ನಿಯಮಗಳಲ್ಲಿ ಹಲವು, ವಿಶೇಷವಾಗಿ ಆಹಾರ ಮತ್ತು ನೀರಿಗೆ ಸಂಬಂಧಿಸಿದವು, ಇಂದಿಗೂ ದೂರ ಪ್ರಯಾಣದ ಸವಾರರಿಗೆ ನೀಡುವ ಸಲಹೆಗಳಲ್ಲಿ ಸೇರಿವೆ.

ಹವ್ಯಾಸಿಗಳ ಬಳಗ

'ಲ ಸಿಕ್ಲಿಸ್ತ್' ಪತ್ರಿಕೆಯ ಸುತ್ತ ಹವ್ಯಾಸಿಗಳ ದೊಡ್ಡ ಬಳಗ ಬೆಳೆಯಿತು. ಇವರಲ್ಲಿ ಕಾರ್ಖಾನೆಯ ಕುಶಲಕರ್ಮಿಗಳು, ವ್ಯಾಪಾರಿಗಳು, ಅಧ್ಯಾಪಕರು ಎಲ್ಲರೂ ಇದ್ದರು. ಪ್ರತಿ ವರ್ಷ ಈಸ್ಟರ್ ಹಬ್ಬದ ಸಮಯದಲ್ಲಿ ಪ್ರೊವಾನ್ಸ್ ಸೀಮೆಗೆ ಸೈಕಲ್ಲಿನಲ್ಲಿ ಹೋಗಿ ಸೇರುವ ಪದ್ಧತಿ ಈ ಬಳಗದಿಂದಲೇ ಬಂದಿದೆ. 1922ರಿಂದ ಸೇಂಟ್ ಎಟಿಯೆನ್‌ನಲ್ಲಿ 'ವೆಲೊಸಿಯೊ ದಿನ'ದ ಆಚರಣೆ ಆರಂಭವಾಯಿತು. ಆ ದಿನ ಎಲ್ಲ ವಯಸ್ಸಿನ ಸವಾರರೂ ರಿಪಬ್ಲಿಕ್ ಕಣಿವೆದಾರಿಯನ್ನು ಏರುತ್ತಿದ್ದರು.

ಈ ಬಳಗದ ಪ್ರಭಾವದಿಂದ ಸೇಂಟ್ ಎಟಿಯೆನ್ ನಗರವು ಗೇರ್ ತಯಾರಿಕೆಯ ಕೇಂದ್ರವಾಯಿತು. 1920ರ ದಶಕದಲ್ಲಿ ಆಲ್ಬೆರ್ ರೇಮೋಂ ಅವರು 'ಸಿಕ್ಲೊ' ಹೆಸರಿನ ಡಿರೇಲರ್‌ಗಳನ್ನು ಅಲ್ಲಿಯೇ ತಯಾರಿಸಿದರು. ಅವು ಫ್ರಾನ್ಸಿನ ಹೊರಗೂ ಬಳಕೆಗೆ ಬಂದವು. ಇದೇ ಸಮಸ್ಯೆಗೆ ಇಂಗ್ಲೆಂಡಿನಲ್ಲಿ ಬೇರೊಂದು ಪರಿಹಾರ ದೊರೆತಿತ್ತು. ಅಲ್ಲಿಯ ಸ್ಟರ್ಮಿ ಆರ್ಚರ್ ಕಂಪನಿ 1902ರಿಂದ ಹಿಂದಿನ ಗಾಲಿಯ ಹಬ್ಬಿನೊಳಗೆ ಅಡಗಿದ ಮೂರು ಗೇರ್‌ಗಳ ವ್ಯವಸ್ಥೆಯನ್ನು ತಯಾರಿಸುತ್ತಿತ್ತು.

ನಿಧನ

1930ರ ಫೆಬ್ರವರಿ 27ರಂದು ದ ವಿವಿ ಅವರು ಸೇಂಟ್ ಎಟಿಯೆನ್‌ನಲ್ಲಿ ತಮ್ಮ ಸೈಕಲ್ಲನ್ನು ತಳ್ಳಿಕೊಂಡು ರಸ್ತೆ ದಾಟುತ್ತಿದ್ದಾಗ ಟ್ರಾಮ್ ಬಡಿದು ಮೃತಪಟ್ಟರು. ಆಗ ಅವರಿಗೆ 76 ವರ್ಷ ವಯಸ್ಸು. ಅವರ ನೆನಪಿಗಾಗಿ ರಿಪಬ್ಲಿಕ್ ಕಣಿವೆದಾರಿಯ ತುದಿಯಲ್ಲಿ ಸ್ಮಾರಕವೊಂದಿದೆ. 'ಲ ಸಿಕ್ಲಿಸ್ತ್' ಪತ್ರಿಕೆಯನ್ನು ಅವರ ಅನುಯಾಯಿಗಳು ಅನಂತರವೂ ದಶಕಗಳ ಕಾಲ ನಡೆಸಿದರು. ಸೇಂಟ್ ಎಟಿಯೆನ್‌ನ ಕಲೆ ಮತ್ತು ಕೈಗಾರಿಕೆಗಳ ವಸ್ತುಸಂಗ್ರಹಾಲಯದಲ್ಲಿ ರಿಬ್ಬನ್, ಬಂದೂಕು ಮತ್ತು ಸೈಕಲ್‌ಗಳ ಸಂಗ್ರಹಗಳನ್ನು ಒಂದೇ ಸೂರಿನಡಿ ಇರಿಸಲಾಗಿದೆ. ದ ವಿವಿ ಅವರ ಜೀವನದ ಹಿನ್ನೆಲೆಯನ್ನು ಅರಿಯಲು ಈ ಮೂರೂ ಸಹಾಯಕವಾಗಿವೆ.

ಚಿಕ್ಕ ಗಾಲಿಯ ಸೈಕಲ್ಲುಗಳ ಮುಂದಿನ ಇತಿಹಾಸ

ದ ವಿವಿ ಅವರ ನಿಧನದ ಅನಂತರ, 1930ರ ದಶಕದ ಕೊನೆಯಲ್ಲಿ ಫ್ರಾನ್ಸಿನಲ್ಲಿಯೇ 'ಲ ಪತಿ ಬಿ' ಎಂಬ ಚಿಕ್ಕ ಗಾಲಿಯ ಸೈಕಲ್ ಮಾರಾಟಕ್ಕೆ ಬಂದಿತು. ಆದರೆ ಚಿಕ್ಕ ಗಾಲಿಗೆ ವ್ಯಾಪಕ ಜನಪ್ರಿಯತೆ ದೊರೆತದ್ದು 1962ರಲ್ಲಿ, ಬ್ರಿಟಿಷ್ ಎಂಜಿನಿಯರ್ ಅಲೆಕ್ಸ್ ಮೌಲ್ಟನ್ (1920–2012) ಅವರ ಸೈಕಲ್ಲಿನಿಂದ. ಮಿನಿ ಕಾರಿಗೆ ರಬ್ಬರಿನ ಸಸ್ಪೆನ್ಶನ್ ರೂಪಿಸಿದವರೂ ಇವರೇ. 1956ರ ಸೂಯೆಜ್ ಬಿಕ್ಕಟ್ಟಿನಿಂದ ಪೆಟ್ರೋಲ್ ಕೊರತೆ ಉಂಟಾದಾಗ ಅವರು ಸೈಕಲ್ಲಿನ ರಚನೆಯನ್ನು ಹೊಸದಾಗಿ ಪರಿಶೀಲಿಸಲು ತೊಡಗಿದರು. ದ ವಿವಿ ಅವರು ಕುಲುಕಾಟವನ್ನು ದಪ್ಪ ಟೈರಿನಿಂದ ನಿವಾರಿಸಿದರೆ, ಮೌಲ್ಟನ್ ಅವರು ಬಿಗಿಯಾದ 16 ಇಂಚಿನ ಟೈರ್‌ಗಳನ್ನು ಬಳಸಿ ಮುಂದೆ ಮತ್ತು ಹಿಂದೆ ಸಸ್ಪೆನ್ಶನ್ ಅಳವಡಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಜಾನ್ ವುಡ್‌ಬರ್ನ್ ಅವರು ಮೌಲ್ಟನ್ ಸೈಕಲ್ಲಿನಲ್ಲಿ ಕಾರ್ಡಿಫ್‌ನಿಂದ ಲಂಡನ್‌ವರೆಗಿನ ಸವಾರಿಯ ದಾಖಲೆಯನ್ನು ಮುರಿದಾಗ, ಚಿಕ್ಕ ಗಾಲಿ ನಿಧಾನ ಎಂಬ ವಾದ ಬಲ ಕಳೆದುಕೊಂಡಿತು.

ಮೊದಲು ಮೌಲ್ಟನ್ ವಿನ್ಯಾಸವನ್ನು ನಿರಾಕರಿಸಿದ್ದ ರ‍್ಯಾಲಿ ಕಂಪನಿ 1965ರಲ್ಲಿ ತನ್ನದೇ ಆದ ಆರ್‌ಎಸ್‌ಡಬ್ಲ್ಯೂ 16 ಮಾದರಿಯನ್ನು ತಂದಿತು. ಇದರಲ್ಲಿ ಸಸ್ಪೆನ್ಶನ್ ಬದಲು ದಪ್ಪ ಟೈರ್ ಇತ್ತು. 1967ರಲ್ಲಿ ರ‍್ಯಾಲಿ ಕಂಪನಿಯು ಮೌಲ್ಟನ್ ಸೈಕಲ್ ವ್ಯವಹಾರವನ್ನು ಕೊಂಡುಕೊಂಡಿತು. ಮರುವರ್ಷ ಬಂದ 'ರ‍್ಯಾಲಿ ಟ್ವೆಂಟಿ' ಬಹಳ ಜನಪ್ರಿಯವಾಯಿತು. ಇದರ ಗಾಲಿಗಳು 20 ಇಂಚಿನವು, ಅಂದರೆ ದ ವಿವಿ ಅವರು ಆರಿಸಿಕೊಂಡ ಅಳತೆಗೆ ಹತ್ತಿರವಾದವು. 1970ರ ದಶಕದಲ್ಲಿ ಆಂಡ್ರ್ಯೂ ರಿಚೀ ಅವರು 16 ಇಂಚಿನ ಗಾಲಿಯ ಮಡಚುವ 'ಬ್ರಾಂಪ್ಟನ್' ಸೈಕಲ್ಲನ್ನು ರೂಪಿಸಿದರು. ಮೌಲ್ಟನ್ ಅವರು 1983ರಲ್ಲಿ ತೆಳುಕೊಳವೆಗಳ ಜಾಲದಂತಹ ಚೌಕಟ್ಟಿನ ಹೊಸ ಮಾದರಿಯೊಂದಿಗೆ ಮರಳಿದರು. ಜಪಾನಿನಲ್ಲಿ ಇಂತಹ ಸೈಕಲ್ಲುಗಳು 'ಮಿನಿ ವೆಲೊ' ಎಂಬ ಹೆಸರಿನಿಂದ ಪ್ರಸಿದ್ಧವಾಗಿವೆ.

ಹಳೆಯ ಮತ್ತು ಹೊಸ ಚಿಕ್ಕ ಗಾಲಿಯ ಸೈಕಲ್ಲುಗಳನ್ನು ಸಂಗ್ರಹಿಸುವ ಹವ್ಯಾಸಿಗಳು ಹಲವು ದೇಶಗಳಲ್ಲಿದ್ದಾರೆ. 1982ರಲ್ಲಿ ಬ್ರಿಟನ್ನಿನಲ್ಲಿ ಮೌಲ್ಟನ್ ಸೈಕಲ್ ಕ್ಲಬ್ ಸ್ಥಾಪನೆಯಾಯಿತು. ಹಳೆಯ ಸೈಕಲ್ಲಿನ ಕಾಲವನ್ನು ಗುರುತಿಸಲು ಸಂಗ್ರಾಹಕರು ಚೌಕಟ್ಟಿನ ಮೇಲಿನ ಸಂಖ್ಯೆಯನ್ನೂ, ಸ್ಟರ್ಮಿ ಆರ್ಚರ್ ಹಬ್ಬಿನ ಮೇಲೆ ಒತ್ತಿರುವ ತಯಾರಿಕೆಯ ವರ್ಷವನ್ನೂ ನೋಡುತ್ತಾರೆ. ಹಬ್ಬನ್ನು ಅನಂತರ ಬದಲಿಸಿರುವ ಸಾಧ್ಯತೆ ಇರುವುದರಿಂದ ಎರಡನ್ನೂ ಹೋಲಿಸುವುದು ವಾಡಿಕೆ. ಗಾಲಿಯ ಅಳತೆಯಲ್ಲಿಯೂ ಎಚ್ಚರ ಅಗತ್ಯ. 20 ಇಂಚು ಎಂದು ಕರೆಯಲಾಗುವ ರಿಮ್‌ಗಳಲ್ಲಿ 406 ಮಿ.ಮೀ. ಮತ್ತು 451 ಮಿ.ಮೀ. ಎಂಬ ಭಿನ್ನ ಅಳತೆಗಳಿದ್ದು, ಒಂದರ ಟೈರ್ ಇನ್ನೊಂದಕ್ಕೆ ಹೊಂದುವುದಿಲ್ಲ. ಮೊದಲ ಮೌಲ್ಟನ್ ಮತ್ತು ಬ್ರಾಂಪ್ಟನ್ ಸೈಕಲ್ಲುಗಳ ರಿಮ್ 349 ಮಿ.ಮೀ. ಅಳತೆಯದು.

ಭಾರತದಲ್ಲಿ 28 ಇಂಚಿನ ಗಾಲಿಯ ಭಾರವಾದ ಸೈಕಲ್ ದೀರ್ಘಕಾಲ ಪ್ರಧಾನವಾಗಿತ್ತು. ಚಿಕ್ಕ ಗಾಲಿ ಮುಖ್ಯವಾಗಿ ಮಕ್ಕಳ ಸೈಕಲ್ಲುಗಳಲ್ಲಿಯೇ ಉಳಿಯಿತು. ದೊಡ್ಡವರಿಗೂ ಅದು ಯೋಗ್ಯವೆಂದು ಸವಾರಿ ಮಾಡಿಯೇ ತೋರಿಸಿದ ದ ವಿವಿ ಅವರ ಬರಹಗಳನ್ನು ಚಿಕ್ಕ ಗಾಲಿಯ ಸೈಕಲ್ಲಿನ ಇತಿಹಾಸಕಾರರು ಈ ಪರಂಪರೆಯ ಆರಂಭಿಕ ದಾಖಲೆಗಳಲ್ಲಿ ಒಂದೆಂದು ಪರಿಗಣಿಸುತ್ತಾರೆ.